ಕೋಳಿ ಹೆಜ್ಜೆಯಿಂದ ಡೈನೋಸಾರ್ ಪಾಠ: ಪುಟಾಣಿಗಳಿಗೆ ಅಂಗಳದಲ್ಲೇ ಕಲಿಕೆ

ಇವತ್ತಿನ ಸಂಚಿಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಅಂಗನವಾಡಿ, ಎಲ್‌ಕೆಜಿ, ಯುಕೆಜಿ ಮಕ್ಕಳ ಪೋಷಕರಿಗೆ, ಶಿಕ್ಷಕಿಯರಿಗೆ.

ಈ ವಯಸ್ಸಿನ ಮಕ್ಕಳಿಗೆ ಡೈನೋಸಾರ್ ಅಂದ್ರೆ ಪ್ರಾಣ. ಮೊಬೈಲ್‌ನಲ್ಲಿ ನೋಡಿರ್ತಾರೆ, ಜಾತ್ರೆಯಲ್ಲಿ ಪ್ಲಾಸ್ಟಿಕ್ ಬೊಂಬೆ ಕೊಡಿಸಿಕೊಂಡಿರ್ತಾರೆ. ಆಮೇಲೆ ಒಂದಿನ ಕೇಳ್ತಾರೆ: ‘ಅಮ್ಮಾ, ನಮ್ಮೂರಲ್ಲೂ ಡೈನೋಸಾರ್ ಇತ್ತಾ?’

ಇದಕ್ಕೆ ಸರಿಯಾದ ಉತ್ತರ ಏನು? ಇದ್ದಿರಬಹುದು, ಆದರೆ ಅದರ ಮೂಳೆ ಇಲ್ಲಿ ಸಿಗೋದಿಲ್ಲ. ಡೈನೋಸಾರ್‌ಗಳು ಬದುಕಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ. ನಮ್ಮ ಕಡೆಯ ಬಂಡೆಗಳು ಅದಕ್ಕಿಂತ ಬಹಳ ಹಳೆಯವು. ಹಿಂದೆ ಎಚ್.ಡಿ. ಕೋಟೆ ತಾಲ್ಲೂಕಿಗೇ ಸೇರಿದ್ದ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾ ಸಮೂಹಕ್ಕೇ ಇಟ್ಟಿದ್ದಾರೆ. ಅದರ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಮೂಳೆ ಉಳಿಯಬೇಕಾದರೆ ಆ ಕಾಲದ ಮಣ್ಣು, ಮರಳಿನ ಪದರ ಬೇಕು. ಗುಜರಾತಿನಲ್ಲಿ ಅಂಥ ಪದರಗಳಿವೆ. 2003ರಲ್ಲಿ ‘ರಾಜಾಸಾರಸ್’ ಎಂದು ಹೆಸರಿಟ್ಟ ಡೈನೋಸಾರ್ ಸಿಕ್ಕಿದ್ದು ಅಲ್ಲೇ.

ಹಾಗಾದ್ರೆ ನಮ್ಮ ಮಕ್ಕಳಿಗೆ ಏನು ತೋರಿಸೋದು? ಅಂಗಳದಲ್ಲಿರೋ ಕೋಳಿ! ಹಕ್ಕಿಗಳು ಡೈನೋಸಾರ್‌ಗಳ ವಂಶದವು ಅಂತ ವಿಜ್ಞಾನಿಗಳು ಒಪ್ಪಿದ್ದಾರೆ. ಮಾಂಸ ತಿನ್ನುತ್ತಿದ್ದ ಅನೇಕ ಡೈನೋಸಾರ್‌ಗಳೂ ಕೋಳಿಯ ಹಾಗೆ ಮೂರು ಬೆರಳೂರಿ, ಎರಡು ಕಾಲಲ್ಲಿ ನಡೀತಿದ್ದವು.

ಮೊದಲನೇ ಚಟುವಟಿಕೆ. ಕೆರೆಯ ಜೇಡಿಮಣ್ಣು ತನ್ನಿ. ಕೆ.ಆರ್. ನಗರದ ಕಡೆಯವರಿಗೆ ಗದ್ದೆ ಕೆಸರೇ ಸಾಕು. ಕಲ್ಲು, ಗಾಜಿನ ಚೂರು ಆರಿಸಿ, ಹದವಾಗಿ ನಾದಿ, ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಹರಡಿ. ಮೇಲೆ ನಾಲ್ಕು ಕಾಳು ರಾಗಿ ಉದುರಿಸಿದರೆ ಕೋಳಿ ತಾನೇ ಬಂದು ಹೆಜ್ಜೆ ಬಿಟ್ಟು ಹೋಗುತ್ತೆ. ಪಕ್ಕದಲ್ಲಿ ಮಗು ತನ್ನ ಅಂಗೈ ಒತ್ತಲಿ, ಒಂದು ಹೊಂಗೆ ಎಲೆ ಒತ್ತಲಿ. ಎರಡು ದಿನ ನೆರಳಲ್ಲಿ ಒಣಗಲಿ. ಆಮೇಲೆ ಕೇಳಿ: ‘ಕೋಳಿ ಎಲ್ಲಿ? ಹೋಯ್ತು. ಹೆಜ್ಜೆ? ಉಳೀತು.’ ಪಳೆಯುಳಿಕೆ ಅಂದ್ರೇನು ಅನ್ನೋದು ಅಲ್ಲೇ ಅರ್ಥವಾಗುತ್ತೆ. ಕೋಟಿ ವರ್ಷದ ಲೆಕ್ಕ ಐದು ವರ್ಷದ ಮಗುವಿಗೆ ಬೇಕಿಲ್ಲ. ಕೊನೆಗೆ ಸೋಪು ಹಾಕಿ ಕೈ ತೊಳೆಸೋದು ಮರೀಬೇಡಿ.

ಎರಡನೇದು ಹಗ್ಗದ ಆಟ. ವೀರನಹೊಸಹಳ್ಳಿಯಿಂದ ದಸರಾ ಗಜಪಯಣ ಹೊರಡೋದು ನಮ್ಮ ಮಕ್ಕಳಿಗೆ ಗೊತ್ತು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಮ್ಮಿ ಅದರ ಭುಜದ ಎತ್ತರ ಬರುತ್ತೆ. ನಾಲ್ಕೂವರೆ ಅಡಿ ಹಗ್ಗವನ್ನು ನೆಲದ ಮೇಲೆ ದುಂಡಗೆ ಇಡಿ. ಅದು ದೊಡ್ಡ ಗಂಡಾನೆಯ ಹೆಜ್ಜೆ ಅಂತಿಟ್ಟುಕೊಳ್ಳಿ. ಅಂಥ ಎರಡು ಹಗ್ಗ ಗಂಟು ಹಾಕಿ ಗೋಡೆಗೆ ನೆಟ್ಟಗೆ ಹಿಡಿದರೆ ಒಂಬತ್ತು ಅಡಿ. ಮಕ್ಕಳು ತಲೆಯೆತ್ತಿ ನೋಡ್ತಾರೆ! ಕಲ್ಲಿನಲ್ಲಿ ಉಳಿದ ಹೆಜ್ಜೆಯ ಉದ್ದವನ್ನು ಸುಮಾರು ನಾಲ್ಕರಿಂದ ಗುಣಿಸಿ, ಡೈನೋಸಾರ್‌ನ ಸೊಂಟದ ಎತ್ತರ ಅಂದಾಜು ಮಾಡೋದೂ ಇದೇ ಥರ. ಪ್ರಾಣಿ ಕಾಣದಿದ್ದರೂ ಗುರುತು ನೋಡಿ ತಿಳಿಯೋದು, ಅದೇ ಈ ಪಾಠದ ಸಾರ.

ಇದು ಬರೀ ಆಟವಲ್ಲ, ನೋಡಿ. ನಾಗರಹೊಳೆ ಕಾಡಂಚಿನ ಊರು, ಹಾಡಿಗಳಲ್ಲಿ ಹೆಜ್ಜೆ ಗುರುತು ಓದೋದು ಜೀವದ ಪ್ರಶ್ನೆ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಕಾಣುತ್ತೆ. ಹುಲಿ, ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಳ್ಳೋದರಿಂದ ಸಾಮಾನ್ಯವಾಗಿ ಕಾಣೋಲ್ಲ. ಇದನ್ನು ಚಿತ್ರ ಬರೆದು, ಮಣ್ಣಲ್ಲಿ ಮಾಡಿ ತೋರಿಸಿ. ನಿಜವಾದ ಹೆಜ್ಜೆ ಹುಡುಕೋಕೆ ಮಕ್ಕಳನ್ನು ಯಾವತ್ತೂ ಕರ್ಕೊಂಡು ಹೋಗ್ಬೇಡಿ. ಮಕ್ಕಳಿಗೆ ಕಲಿಸಬೇಕಾದ ನಿಯಮ ಒಂದೇ: ‘ಹೊಸ ಹೆಜ್ಜೆ ಕಂಡರೆ ಹಿಂದೆ ಹೋಗ್ಬೇಡ, ದೊಡ್ಡವರಿಗೆ ಹೇಳು.’ ಹಾಡಿಯ ಜೇನುಕುರುಬ, ಬೆಟ್ಟಕುರುಬ ಮಕ್ಕಳ ಮನೆಯಲ್ಲಿ ಇದನ್ನು ಚೆನ್ನಾಗಿ ಬಲ್ಲ ಅಜ್ಜ ಅಜ್ಜಿ ಇರ್ತಾರೆ. ಅವರನ್ನೇ ಒಂದಿನ ಕರೆಸಿ ಮಾತಾಡಿಸಿ. ತಮ್ಮ ಮನೆಯ ತಿಳಿವಳಿಕೆಗೂ ಶಾಲೆಯಲ್ಲಿ ಬೆಲೆಯಿದೆ ಅಂತ ಆ ಮಗುವಿಗೆ ಗೊತ್ತಾಗುತ್ತೆ.

ಮೂರನೇದು, ಎಲೆ ಮತ್ತು ಬೀಜ ಸಂಗ್ರಹ. ಬೇವು, ಹುಣಸೆ, ಹಲಸು, ಹೊಂಗೆ ಎಲೆ ತಂದು ಆಕಾರದ ಪ್ರಕಾರ ಜೋಡಿಸಲಿ. ‘ಸೊಪ್ಪು ತಿನ್ನೋ ಡೈನೋಸಾರ್‌ಗೆ ಊಟ ಬಡಿಸೋಣ’ ಅಂದ್ರೆ ಸಾಕು, ಗಂಟೆಗಟ್ಟಲೆ ಕೂರ್ತಾರೆ. ಆದರೆ ಹುಣಸೂರು, ಪಿರಿಯಾಪಟ್ಟಣದವರಿಗೆ ಒಂದು ಎಚ್ಚರಿಕೆ: ಹೊಗೆಸೊಪ್ಪಿನ ಎಲೆ ಬೇಡವೇ ಬೇಡ. ಹಸಿ ಎಲೆ, ಅದರಲ್ಲೂ ಮಳೆಯಲ್ಲಿ ನೆಂದದ್ದು ಮುಟ್ಟಿದರೆ ನಿಕೋಟಿನ್ ಚರ್ಮದಿಂದಲೇ ಮೈಗೆ ಸೇರಿ ವಾಂತಿ, ತಲೆಸುತ್ತು ಬರಬಹುದು. ಗುಲಗಂಜಿ, ಹರಳು ಬೀಜ, ದತ್ತೂರದ ಕಾಯಿ, ಎಕ್ಕದ ಹಾಲು, ಇವೂ ಮಕ್ಕಳ ಕೈಗೆ ಸಿಗಬಾರದು. ನೆಲಗಡಲೆ ಗಾತ್ರದ ಯಾವ ಬೀಜವೂ ಮೂರು ವರ್ಷದವರ ಹತ್ತಿರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಒಮ್ಮೆ ಮೈಸೂರಿಗೆ ಹೋಗೋದಾದರೆ ಕಾರಂಜಿ ಕೆರೆ ದಡದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಕರ್ಕೊಂಡು ಹೋಗಿ. 1995ರಿಂದ ಇದೆ. ಆದರೆ ಅಲ್ಲಿಗೆ ಹೋಗೋವರೆಗೂ ಕಾಯಬೇಕಿಲ್ಲ. ದುಬಾರಿ ಕಿಟ್ ಇಲ್ಲ ಅಂತ ಯಾವ ಅಂಗನವಾಡಿಯೂ ಹಿಂಜರಿಯಬೇಕಿಲ್ಲ. ಒಂದು ತಟ್ಟೆ ಮಣ್ಣು, ಒಂದು ಹಗ್ಗ, ಒಂದು ಕೋಳಿ ಇದ್ದರೆ ನಾಳೆಯೇ ಶುರು ಮಾಡಬಹುದು.