ಹಳೆಯ ಡೈವರ್ ಗಡಿಯಾರ: ಅಸಲಿ ಯಾವುದು, ಬೆರಕೆ ಯಾವುದು?

ಹಳೆಯ ಕೈಗಡಿಯಾರಕ್ಕೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುವುದುಂಟು. ಅದರಲ್ಲೂ ನೀರಿನಲ್ಲಿ ಮುಳುಗುವವರಿಗೆಂದು ತಯಾರಾದ ಡೈವರ್ ಗಡಿಯಾರಗಳ ಮೇಲೆ ಸಂಗ್ರಾಹಕರಿಗೆ ಬಲು ಮೋಹ. ಬೆಲೆ ಏರಿದಲ್ಲಿ ಮೋಸವೂ ಹುಟ್ಟುತ್ತದೆ. ಹೆಸರಾಂತ ಕಂಪನಿಯ ಹೆಸರನ್ನಷ್ಟೇ ಹೊತ್ತು ಬೇರೆಲ್ಲೋ ತಯಾರಾದದ್ದು ನಕಲಿ. ನಾಲ್ಕಾರು ಗಡಿಯಾರಗಳ ಭಾಗಗಳನ್ನು ಕೂಡಿಸಿದ್ದು ಬೆರಕೆ. ಬೆರಕೆಯನ್ನು ಗುರುತಿಸುವುದೇ ಹೆಚ್ಚು ಕಷ್ಟ. ಏಕೆಂದರೆ ಅದರ ಒಂದೊಂದು ಭಾಗವೂ ಅಸಲಿಯೇ ಆಗಿರಬಹುದು.

ಆದುದರಿಂದ ಭಾಗಗಳನ್ನು ಬಿಡಿಬಿಡಿಯಾಗಿ ನಂಬಬೇಡಿರಿ. ಒಂದರ ಸಾಕ್ಷ್ಯಕ್ಕೆ ಇನ್ನೊಂದರ ಸಾಕ್ಷ್ಯ ಹೊಂದುತ್ತದೆಯೇ ನೋಡಿರಿ. ಜಪಾನಿನ ಸೀಕೋ ಕಂಪನಿಯ 6309-7040 ಎಂಬ ಮಾದರಿಯನ್ನೇ ತೆಗೆದುಕೊಳ್ಳೋಣ. ಇದು 1976ರಿಂದ 1988ರವರೆಗೆ ತಯಾರಾಯಿತು. ಹಿಂಬದಿಯ ಮುಚ್ಚಳದಲ್ಲಿ ಮಾದರಿಯ ಸಂಖ್ಯೆಯೂ ಆರಂಕಿಯ ಕ್ರಮಸಂಖ್ಯೆಯೂ ಇರುತ್ತವೆ. ಕ್ರಮಸಂಖ್ಯೆಯ ಮೊದಲನೆಯ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 25 ಎಂದು ಮೊದಲಾದರೆ ಅದು 1982ರ ಮೇ ತಿಂಗಳಿನದು. ಮುಚ್ಚಳ ಬಿಚ್ಚಿಸಿದಾಗ ಯಂತ್ರದ ಮೇಲೂ 6309 ಎಂದೇ ಕಾಣತಕ್ಕದ್ದು. ಮುಖದ ಕೆಳ ಅಂಚಿನ ಸಣ್ಣ ಬರಹವನ್ನು ಭೂತಗನ್ನಡಿ ಹಿಡಿದು ಓದಿದರೆ ಅಲ್ಲಿಯೂ 6309 ಇರಬೇಕು. ‘ಪ್ರೂಫ್’ ಎಂಬ ಮಾತನ್ನು ಸೀಕೋ 1970ರ ಸುಮಾರಿಗೇ ಕೈಬಿಟ್ಟು ‘ರೆಸಿಸ್ಟ್’ ಎಂದು ಬರೆಯತೊಡಗಿತು. ಈ ಮಾದರಿಯ ಮುಖದ ಮೇಲೆ ‘ಪ್ರೂಫ್’ ಎಂದಿದ್ದರೆ ಆ ಮುಖ ಅದರದಲ್ಲ.

ಕತ್ತಲೆಯೂ ಒಬ್ಬ ಪರೀಕ್ಷಕನೇ. ಸ್ವಿಟ್ಜರ್ಲೆಂಡಿನ ಅನೇಕ ಹಳೆಯ ಗಡಿಯಾರಗಳ ಮುಖದ ಬುಡದಲ್ಲಿ ‘ಟಿ’ ಅಕ್ಷರವಿದೆ. ಹೊಳೆಯುವ ಬಣ್ಣದಲ್ಲಿ ಟ್ರಿಟಿಯಮ್ ಇದೆಯೆಂಬುದು ಅದರ ಅರ್ಥ. ಟ್ರಿಟಿಯಮ್ ಸುಮಾರು 12 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 1970ರ ಗಡಿಯಾರದಲ್ಲಿ ಈಗ ಉಳಿದಿರುವುದು ಹದಿನಾರನೆಯ ಒಂದು ಪಾಲಿಗಿಂತಲೂ ಕಡಿಮೆ. ರಾತ್ರಿಯಿಡೀ ಹೊಳೆಯುವ ಇಂದಿನ ಬಣ್ಣ ಜಪಾನಿನಲ್ಲಿ ಹುಟ್ಟಿದ್ದು 1993ರಲ್ಲಿ. ಹಾಗಾಗಿ ಹಳೆಯ ಮುಖ ಬೆಳಗಿನ ಜಾವದವರೆಗೂ ಬೆಳಗಿದರೆ ಅದಕ್ಕೆ ಮತ್ತೆ ಬಣ್ಣ ಬಳಿದಿದ್ದಾರೆಂದು ತಿಳಿಯಿರಿ. ಮುಖದ ಬಣ್ಣ ಹಳದಿಗಟ್ಟಿದ್ದು ಮುಳ್ಳುಗಳದು ಮಾತ್ರ ಹಾಲಿನಂತೆ ಬಿಳುಪಾಗಿದ್ದರೂ ಸಂಶಯಪಡಿರಿ. ಒಂದು ಎಚ್ಚರಿಕೆ: 1960ಕ್ಕಿಂತ ಹಿಂದಿನ ಗಡಿಯಾರಗಳಲ್ಲಿ ರೇಡಿಯಮ್ ಇರಬಹುದು. ಹೊಳಪು ಸತ್ತಿದ್ದರೂ ಅದರ ವಿಕಿರಣ ಸತ್ತಿರುವುದಿಲ್ಲ. ಆ ಬಣ್ಣವನ್ನು ಕೆರೆಯುವುದಾಗಲಿ ಅದರ ಧೂಳನ್ನು ಉಸಿರಾಡುವುದಾಗಲಿ ಕೂಡದು.

ರಿಪೇರಿಗಾಗಿ ಭಾಗ ಬದಲಿಸಿದ ಮಾತ್ರಕ್ಕೆ ಗಡಿಯಾರ ಕೆಟ್ಟದಾಗುವುದಿಲ್ಲ. ಬದಲಿಸಿದ್ದನ್ನು ಹೇಳಿ, ತಕ್ಕ ಬೆಲೆಗೆ ಮಾರಿದರೆ ಅದು ವ್ಯಾಪಾರ, ಮುಚ್ಚಿಟ್ಟರೆ ವಂಚನೆ. ನಿಮ್ಮ ಮನೆಯಲ್ಲಿಯೇ ಹಿರಿಯರ ಕಾಲದ ಗಡಿಯಾರವೊಂದಿದ್ದರೆ ಅಂದವಾಗಲೆಂದು ಮುಖ ಬದಲಿಸಬೇಡಿರಿ; ಬದಲಿಸಲೇಬೇಕಾದರೆ ಹಳೆಯ ಭಾಗವನ್ನು ಮರಳಿ ಕೇಳಿ ಪಡೆಯಿರಿ. ಇನ್ನು ನೀರಿನ ಮಾತು: ಮುಖದ ಮೇಲೆ 150 ಮೀಟರ್ ಎಂದು ಬರೆದಿದ್ದರೂ ಒಳಗಿನ ರಬ್ಬರ್ ಬಳೆ ಅಷ್ಟೇ ಹಳೆಯದು. ಒತ್ತಡದ ಪರೀಕ್ಷೆ ಮಾಡಿಸದೆ ಅಸಲಿಯನ್ನೂ ನೀರಿಗೆ ಇಳಿಸಬೇಡಿರಿ.