ಕುಟುಂಬ ಪ್ರವಾಸದಲ್ಲಿ ಹಿರಿಯರ ಆರೋಗ್ಯ

ರಜೆ ಬಂದೊಡನೆ ನಾಲ್ಕಾರು ಕುಟುಂಬಗಳು ಕೂಡಿ ಮನರಂಜನಾ ಉದ್ಯಾನಗಳಿಗೆ ಹೊರಡುವುದು ಇಂದಿನ ರೂಢಿ. ಅಲ್ಲಿ ಮಕ್ಕಳು ನಲಿಯುತ್ತಾರೆ; ಹಿರಿಯರು ಚೀಲ ಕಾಯುತ್ತ ಕುಳಿತಿರುತ್ತಾರೆ. ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲಿನಲ್ಲಿ ಹಾಗಲ್ಲ. ಮಲಪ್ರಭೆಯ ದಡದ ಸಮತಟ್ಟಾದ ದೇಗುಲಗಳ ಆವರಣದಲ್ಲಿ ಅಜ್ಜಿ, ಮೊಮ್ಮಕ್ಕಳು ಜೊತೆಯಾಗಿ ನಡೆಯಬಹುದು. ಮುಂದೆ ಐಹೊಳೆ, ಬಳಿಕ ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ.

ಆದರೆ ಒಂದು ಎಚ್ಚರ ಬೇಕು. ದಾರಿಯಲ್ಲಿ ಶೌಚಾಲಯ ಸಿಗದೆಂಬ ಅಂಜಿಕೆಯಿಂದ ತಾಯಂದಿರು ದಿನವಿಡೀ ನೀರು ಕುಡಿಯದಿರುವುದನ್ನು ನಾವು ಕಾಣುತ್ತಲೇ ಇದ್ದೇವೆ. ತಡೆಯಬಾರದ 13 ವೇಗಗಳಲ್ಲಿ ಮೂತ್ರ, ತೃಷೆ ಎರಡನ್ನೂ ಆಯುರ್ವೇದವು ಎಣಿಸಿದೆ. ಇವನ್ನು ತಡೆದರೆ ಉರಿಮೂತ್ರ, ತಲೆಸುತ್ತು, ಮಲಬದ್ಧತೆ ಕಾಡಬಹುದು. ಆದುದರಿಂದ ಎರಡು ಗಂಟೆಗೊಮ್ಮೆ, ಶೌಚಾಲಯವಿರುವಲ್ಲಿ ವಾಹನ ನಿಲ್ಲಿಸಿರಿ. ಹಿರಿಯರು ಬಾಯಿಬಿಟ್ಟು ಕೇಳಲೆಂದು ಕಾಯದಿರಿ. ಅವರ ನಡಿಗೆಯೇ ಎಲ್ಲರ ನಡಿಗೆಯಾಗಲಿ.