ಯುಗಾದಿಯ ಕತ್ತರಿ, ಬೇವಿನ ಗಡಿಗೆ

ತಲೆಯನ್ನು ಪರರ ಕೈಗೆ ಒಪ್ಪಿಸಿ ಕಣ್ಣು ಮುಚ್ಚಿ ಕುಳಿತುಕೊಳ್ಳುವ ಪ್ರಸಂಗಗಳು ಮನುಷ್ಯನ ಬಾಳಿನಲ್ಲಿ ಬಹಳವಿಲ್ಲ. ಎಳವೆಯಲ್ಲಿ ಎಣ್ಣೆ ಹಚ್ಚುವ ತಾಯಿಯ ಕೈಗೆ. ಅನಂತರ ತಿಂಗಳಿಗೊಮ್ಮೆ ಕ್ಷೌರಿಕನ ಕೈಗೆ. ಕತ್ತಿಯ ಅಲಗು ಕೊರಳ ಮೇಲೆ ಆಡುತ್ತಿರುವಾಗಲೂ ಊರಿನ ರಾಜಕಾರಣವನ್ನು ನಿಶ್ಚಿಂತೆಯಿಂದ ಚರ್ಚಿಸುವಷ್ಟು ವಿಶ್ವಾಸವನ್ನು ನಾವು ಇನ್ನಾರಲ್ಲಿ ಇಟ್ಟಿದ್ದೇವೆ? ಆ ವಿಶ್ವಾಸ ಎಷ್ಟು ಸಹಜವಾಗಿತ್ತೆಂದರೆ ಅದು ಇದೆಯೆಂಬುದೇ ನಮಗೆ ತಿಳಿದಿರಲಿಲ್ಲ. ತಿಳಿದದ್ದು 2020ರ ಯುಗಾದಿಯಲ್ಲಿ.

ಆ ವರ್ಷದ ಪಂಚಾಂಗವೇ ಕ್ಷೌರಕ್ಕೆ ಪ್ರತಿಕೂಲವಾಗಿತ್ತೆನ್ನಬೇಕು. ಹಬ್ಬದ ಮುಂಚೆ ಹೆಂಗಸರು ಮನೆ ಸಾರಿಸಿ, ಪಾತ್ರೆ ಬೆಳಗಿ, ಬೇಳೆ ಹಸನು ಮಾಡಿ ದಣಿಯುವ ಹೊತ್ತಿಗೆ ತಲೆ ಹಗುರ ಮಾಡಿಕೊಂಡು ಬರುವುದೊಂದೇ ಗಂಡಸರ ಪಾಲಿನ ಸಿದ್ಧತೆ. ಮಾರ್ಚ್ 22 ಭಾನುವಾರ, ಕ್ಷೌರದಂಗಡಿಯ ಮುಂದೆ ಜನ ಸಾಲುಗಟ್ಟಬೇಕಾಗಿದ್ದ ದಿನ. ಅಂದೇ ದೇಶಕ್ಕೆಲ್ಲ ಜನತಾ ಕರ್ಫ್ಯೂ. ಸೋಮವಾರ ಹೋಗೋಣವೆಂದರೆ ನೆರೆಯ ಕಲಬುರಗಿಯ ಸುದ್ದಿ ಎಲ್ಲರನ್ನೂ ಹೊಸ್ತಿಲೊಳಗೆ ಕೂಡಿಸಿತ್ತು. ಭಾರತದಲ್ಲಿ ಕೊರೊನಾ ವ್ಯಾಧಿಗೆ ಮೊದಲು ಬಲಿಯಾದವರು ಆ ನಗರದ ವೃದ್ಧರೊಬ್ಬರು. ಅವರು ತೀರಿಕೊಂಡದ್ದು ಮಾರ್ಚ್ 10ರಂದು. ಇನ್ನು 24ನೆಯ ತಾರೀಖು ಮಂಗಳವಾರ, ಅದರ ಮೇಲೆ ಅಮಾವಾಸ್ಯೆ. ಒಂದು ನಿಷೇಧ ಸಾಲದೆ ಎರಡು! ಅಂದು ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಇಪ್ಪತ್ತೊಂದು ದಿನ ದೇಶವೇ ಬಾಗಿಲು ಮುಚ್ಚಬೇಕೆಂದು ಸಾರಿದರು. ಬೆಳಗಾದರೆ ಶಾರ್ವರಿ ಸಂವತ್ಸರದ ಯುಗಾದಿ. ಶಾರ್ವರಿ ಎಂದರೆ ರಾತ್ರಿ ಎಂದು ಅರ್ಥ. ಹೆಸರಿಟ್ಟವರಿಗೆ ಇದು ತಿಳಿದಿರಲಾರದು, ಆದರೂ ಆ ದಿನ ಪಂಚಾಂಗ ಕೇಳುತ್ತ ಕುಳಿತ ನಮಗೆ ಮೈ ಜುಮ್ಮೆಂದದ್ದು ನಿಜ.

ಚಿಂತಾಕಿ ಔರಾದ ತಾಲ್ಲೂಕಿನ ಒಂದು ಹೋಬಳಿಯ ಊರು. ತೆಲಂಗಾಣದ ಗಡಿ ಇಲ್ಲಿಗೆ ಸಮೀಪ. ಮಹಾರಾಷ್ಟ್ರವೂ ಬಹಳ ದೂರದ್ದಲ್ಲ. ಈ ಸೀಮೆಯವರು ಒಂದೇ ಬೀದಿಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕನ್ನೂ ಕೇಳಿ ಬೆಳೆಯುತ್ತಾರೆ. ಹಿರಿಯರು ‘ಕ್ಷೌರ’ಕ್ಕೆ ಹೋದರೆ ಸಾಬರು ‘ಹಜಾಮತ್’ಗೆ ಹೋಗುತ್ತಾರೆ, ಹುಡುಗರು ‘ಕಟಿಂಗ್’ಗೆ, ಕುಳಿತುಕೊಳ್ಳುವುದು ಒಂದೇ ಕುರ್ಚಿಯ ಮೇಲೆ. ಕುರ್ಚಿ ಬರುವುದಕ್ಕೆ ಮೊದಲು ಬೇವಿನ ಮರದ ನೆರಳಿತ್ತು. ಕತ್ತಿ, ಕತ್ತರಿ, ಹಣಿಗೆ, ಮಸೆಗಲ್ಲು, ಅಂಗೈಯಗಲದ ಕನ್ನಡಿ ಇವನ್ನೆಲ್ಲ ಹಡಪದಲ್ಲಿಟ್ಟುಕೊಂಡು ಮನೆಮನೆಗೆ ಬರುತ್ತಿದ್ದ ಅಜ್ಜನಿಗೆ ದುಡ್ಡು ಕೊಟ್ಟದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಜೋಳದ ಆಯ, ಹಬ್ಬಕ್ಕೆ ಹೋಳಿಗೆಯ ಪಾಲು. ವರ್ಷದ ಲೆಕ್ಕ ಅಷ್ಟಕ್ಕೆ ಮುಗಿಯುತ್ತಿತ್ತು. ಆತನ ಮೊಮ್ಮಗ ಬಾಡಿಗೆಯ ಅಂಗಡಿ ಹಾಕಿ, ಎರಡು ಕಡೆ ನಿಲುಗನ್ನಡಿ ನಿಲ್ಲಿಸಿ, ರೊಕ್ಕದ ವ್ಯವಹಾರಕ್ಕೆ ತಿರುಗಿದ. ನಮ್ಮ ಅವ್ವ ಮಾತ್ರ ಹೋಳಿಗೆಯ ಪಾಲನ್ನು ನಿಲ್ಲಿಸಲಿಲ್ಲ.

ಮನೆಗಳಲ್ಲಿ ಕತ್ತರಿ ಹೊರಬಂದದ್ದು ಏಪ್ರಿಲ್ ಮೊದಲ ವಾರದಲ್ಲಿ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು, ಅಥವಾ ಸ್ವಲ್ಪ ಹೆಚ್ಚು, ಬೆಳೆಯುತ್ತದೆಂದು ಬಲ್ಲವರು ಹೇಳುತ್ತಾರೆ. ಹಬ್ಬಕ್ಕೆ ಮೊದಲೇ ಕಿವಿ ಮುಚ್ಚಿದ್ದ ಕೂದಲು ಈಗ ಅಂಗಿಯ ಕಾಲರನ್ನು ಮುಟ್ಟಿತು. ಪೇಟೆಯಲ್ಲಿದ್ದವರು ಟ್ರಿಮ್ಮರ್ ಹುಡುಕಿದರು. ನಮ್ಮಲ್ಲಿದ್ದದ್ದು ಬಟ್ಟೆ ಕತ್ತರಿಸುವ ಕತ್ತರಿ. ಹೈದರಾಬಾದಿನ ಕಾಲೇಜಿನಿಂದ ಓಡಿಬಂದಿದ್ದ ನನ್ನ ಮಗ ಅಂಗಳದಲ್ಲಿ ಮಣೆ ಹಾಕಿ, ನನ್ನ ಕೊರಳಿಗೆ ಹಳೆಯ ಪಂಚೆ ಸುತ್ತಿ, ತಜ್ಞನ ಗಾಂಭೀರ್ಯದಿಂದ ಕೆಲಸಕ್ಕೆ ನಿಂತ. ಅವನು ಮಾಡಿದ ಮೊದಲ ತಪ್ಪು ತಲೆ ತೋಯಿಸಿ ಅಳತೆ ಹಿಡಿದದ್ದು. ಒದ್ದೆ ಕೂದಲು ಜೋತು ಉದ್ದವಾಗಿ ಕಾಣುತ್ತದೆ. ಒಣಗಿದ ಮೇಲೆ ಎಗರಿ ಗಿಡ್ಡವಾಗುತ್ತದೆ. ಎರಡನೆಯ ತಪ್ಪು ಹಣಿಗೆಯನ್ನು ತಲೆಗೆ ಒತ್ತಿ ಹಿಡಿದದ್ದು. ಕಸುಬುದಾರನ ಹಣಿಗೆ ಕೂದಲನ್ನು ಎತ್ತಿ ಹಿಡಿದು ಮೇಲಕ್ಕೆ ಸಾಗುತ್ತಿರುತ್ತದೆ, ಕತ್ತರಿ ಅದರ ಬೆನ್ನ ಮೇಲೆ ಸಾಗುತ್ತದೆ. ಎರಡು ಕೈಯೂ ಒಂದೇ ವೇಗದಲ್ಲಿ ನಡೆದರೆ ಮಾತ್ರ ಕೆಳಗಿನ ಗಿಡ್ಡ ಕೂದಲು ಮೇಲಿನ ಉದ್ದ ಕೂದಲಿಗೆ ಗೆರೆ ಕಾಣದಂತೆ ಕೂಡಿಕೊಳ್ಳುತ್ತದೆ. ನಿಂತು ನಿಂತು ಕತ್ತರಿಸಿದರೆ ಮೆಟ್ಟಿಲು ಮೂಡುತ್ತವೆ. ನನ್ನ ಹಿಂದಲೆಯಲ್ಲಿ ನಾಲ್ಕು ಮೆಟ್ಟಿಲು ಮೂಡಿದವು. ನಮ್ಮಾಕೆ ನೋಡಿ, ಬೀದರ ಕೋಟೆಗೆ ಹೋಗುವ ಕೆಲಸ ತಪ್ಪಿತು ಎಂದಳು.

ಅಡುಗೆಮನೆಯಲ್ಲಿಯೂ ಇಂಥದೇ ವಿದ್ಯಾಭ್ಯಾಸ ನಡೆದಿತ್ತು. ಯುಗಾದಿಯ ದಿನವೇ ಅದಕ್ಕೆ ನಾಂದಿ. ನಮ್ಮ ಕಡೆಯ ಬೇವು ಅಂಗೈಯಲ್ಲಿ ಚಿಟಿಕೆ ಹಾಕಿಸಿಕೊಳ್ಳುವ ಬೇವು-ಬೆಲ್ಲವಲ್ಲ. ಬಟ್ಟಲು ತುಂಬ ಕುಡಿಯುವ ಪಾನಕ. ಹುಣಸೆಯ ನೀರಿಗೆ ಬೆಲ್ಲ ಕರಗಿಸಿ, ಬೇವಿನ ಹೂವು, ಹೆಚ್ಚಿದ ಮಾವಿನಕಾಯಿ, ಪುಟಾಣಿಯ ಹಿಟ್ಟು, ತುರಿದ ಒಣಕೊಬ್ಬರಿ, ಉತ್ತತ್ತಿ, ದ್ರಾಕ್ಷಿ ಹಾಕಿ ಹೊಸ ಮಣ್ಣಿನ ಗಡಿಗೆಯಲ್ಲಿ ಕದಡಬೇಕು. ಆ ವರ್ಷ ಕುಂಬಾರರ ಗಡಿಗೆಗಳು ಸಂತೆ ಕಾಣಲಿಲ್ಲ. ಸ್ಟೀಲಿನ ಪಾತ್ರೆಯಲ್ಲಿ ಕದಡಿದ ಬೇವನ್ನು ಕುಡಿದು ಅವ್ವ, ಬೇವೇನೋ ಬಂತು, ಹಬ್ಬ ಬರಲಿಲ್ಲವೆಂದಳು. ಉಳಿದಂತೆ ಯಾವುದಕ್ಕೂ ಕೊರತೆಯಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹಿತ್ತಿಲ ಬೇವಿನ ಮರ ಯಾರ ಅಪ್ಪಣೆಯನ್ನೂ ಕೇಳದೆ ಹೂ ಬಿಟ್ಟಿತ್ತು. ಕಡಲೆ ಆಗತಾನೆ ಹೊಲದಿಂದ ಬಂದು ಬೇಳೆಯಾಗಿತ್ತು, ಹುಣಸೆ ಅಟ್ಟದ ಮೇಲಿತ್ತು, ಬೆಲ್ಲ ಕಬ್ಬಿನ ಸೀಮೆಯ ನಮಗೆ ದುರ್ಲಭವಲ್ಲ. ಅಂಗಡಿಯ ಬಾಗಿಲು ಮುಚ್ಚಿದರೂ ಉಣ್ಣಬಹುದಾದ ಹಬ್ಬವನ್ನು ಹಿಂದಿನವರು ಕಟ್ಟಿಟ್ಟಿದ್ದರು. ಮಿಠಾಯಿ ಅಂಗಡಿಯನ್ನು ನೆಚ್ಚಿದ್ದ ಪೇಟೆಯ ಮನೆಗಳಿಗೆ ಅಂದು ತೊಡಕಾಗಿರಬೇಕು.

ನನ್ನ ಪಾಲಿಗೆ ಬಂದದ್ದು ಹೋಳಿಗೆ ಲಟ್ಟಿಸುವ ಕೆಲಸ. ಕಡಲೆಬೇಳೆ ಬೆರಳಿಗೆ ಹಿಸುಕಿದರೆ ಹಿಟ್ಟಾಗಬೇಕು, ಆದರೆ ಗಂಜಿಯಾಗಬಾರದು. ಕಟ್ಟನ್ನು ಪೂರ್ತಿ ಬಸಿದು ಸಾರಿಗೆ ತೆಗೆದಿಡಬೇಕು. ಬೆಲ್ಲ ಕೂಡಿದ ಮೇಲೆ ಹೂರಣ ನೀರೊಡೆದರೆ ಕಣಕ ಹರಿಯದೆ ಬೇರೆ ಗತಿಯಿಲ್ಲ. ಇಷ್ಟನ್ನು ಯಾವ ಪುಸ್ತಕದಲ್ಲಿ ಬೇಕಾದರೂ ಓದಬಹುದು. ಹೂರಣ ಎಷ್ಟು ಗಟ್ಟಿಯಿದೆಯೋ ಕಣಕ ಅಷ್ಟೇ ಮೆತ್ತಗಿರಬೇಕೆಂಬ ಅಂದಾಜು ಮಾತ್ರ ಅಂಗೈಗೆ ತಿಳಿಯುವಂಥದು. ನನ್ನ ಮೊದಲ ಆರು ಹೋಳಿಗೆಗಳು ಹಂಚಿನ ಮೇಲೆ ಒಡೆದು ಹೊಗೆಯಾದವು. ಮುವ್ವತ್ತು ವರ್ಷ ಉಣ್ಣುತ್ತ ಬಂದವನಿಗೆ ಆ ಹೊಗೆಯಲ್ಲಿ ಕಣ್ಣೀರು ಬಂದುದು ನ್ಯಾಯವೆಂದೇ ಹೇಳಬೇಕು.

ಹೋಳಿಗೆಯನ್ನು ಉಣ್ಣಲು ಮಾತ್ರ ಯಾರೂ ಬರಲಿಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ ಬಂದಿದ್ದ ಎಳ್ಳಮಾವಾಸ್ಯೆ ನೆನಪಾಗುತ್ತಿತ್ತು. ಬೀದರ ಜಿಲ್ಲೆಯಲ್ಲಿ ಇದ್ದು ಆ ಹಬ್ಬ ಕಾಣದವನು ಏನನ್ನೂ ಕಂಡಿಲ್ಲ. ಪೇಟೆ ಬಿಕೋ ಎನ್ನುತ್ತದೆ, ಹೊಲ ತುಂಬುತ್ತದೆ. ಕಣಿಕೆಯ ಗುಡಿಸಲೊಳಗೆ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಹೊಲಕ್ಕೆಲ್ಲ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿಯ ಮೇಲೆ ಭಜ್ಜಿ ಬಡಿಸಿಕೊಳ್ಳುತ್ತೇವೆ. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದೆಂದು ದಕ್ಷಿಣದ ವಾಚಕರು ತಿಳಿಯಬಾರದು. ಹಸಿಗಡಲೆ, ಹಸಿ ತೊಗರಿ, ಅವರೆ, ಮೆಂತ್ಯ ಮೊದಲಾಗಿ ಆ ಋತು ಕೊಟ್ಟ ಕಾಳು-ಸೊಪ್ಪುಗಳೆಲ್ಲ ಒಂದಾಗಿ ಬೆಂದ ಪಲ್ಯವದು. ಜೊತೆಗೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ದಾರಿಹೋಕನನ್ನು ಕೂಗಿ ಕರೆದು ಉಣ್ಣಿಸದಿದ್ದರೆ ಅದು ಹಬ್ಬವೇ ಅಲ್ಲ. ಅಂಥ ನಾಡಿನಲ್ಲಿ ಯುಗಾದಿಯ ಹೋಳಿಗೆಯನ್ನು ಬಾಗಿಲು ಹಾಕಿಕೊಂಡು ತಿಂದೆವು. ಅವ್ವ ನಾಲ್ಕು ಹೋಳಿಗೆಯನ್ನು ಎಲೆಯಲ್ಲಿ ಕಟ್ಟಿ ಮಗನ ಕೈಗಿತ್ತು ಹಿತ್ತಿಲ ದಾರಿಯಿಂದ ಕ್ಷೌರಿಕನ ಮನೆಗೆ ಕಳಿಸಿದಳು. ಅವನು ಮರಳಿ ಬರುವಾಗ ಕೈಯಲ್ಲೊಂದು ಪುಟ್ಟ ಮಣ್ಣಿನ ಗಡಿಗೆ ಇತ್ತು. ಅದರ ತುಂಬ ಬೇವು. ಹಬ್ಬಕ್ಕೆ ಹದಿನೈದು ದಿನ ಮೊದಲೇ ಅವರು ಗಡಿಗೆ ಕೊಂಡಿಟ್ಟಿದ್ದರಂತೆ.

ಮನೆಯ ಕ್ಷೌರವನ್ನು ಕುರಿತು ಮಾತಾಡುವಾಗ ಗಾಂಧೀಜಿಯವರನ್ನು ನೆನೆಯದಿರಲು ಸಾಧ್ಯವಿಲ್ಲ. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ತರುಣ ವಕೀಲರು ಪ್ರಿಟೋರಿಯಾದಲ್ಲಿ ಒಬ್ಬ ಆಂಗ್ಲ ಕ್ಷೌರಿಕನ ಅಂಗಡಿಗೆ ಹೋದರು. ಕರಿಯರ ಕೂದಲನ್ನು ಮುಟ್ಟಲು ಅವನು ಒಪ್ಪಲಿಲ್ಲ. ಅವರು ಕತ್ತರಿ ಯಂತ್ರವೊಂದನ್ನು ಕೊಂಡು, ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂದಲೆ ಹೇಗೋ ಆಯಿತು, ಹಿಂದಲೆ ಕೆಟ್ಟಿತು. ನ್ಯಾಯಾಲಯದ ಮಿತ್ರರು ಇಲಿ ತಿಂದಿತೇ ಎಂದು ನಕ್ಕರು. ಈ ಹಾಸ್ಯ ಎಲ್ಲರಿಗೂ ನೆನಪಿರುತ್ತದೆ. ಆತ್ಮಕಥೆಯಲ್ಲಿ ಇದರ ಬೆನ್ನಿಗೇ ಬರುವ ಮಾತು ಅಷ್ಟಾಗಿ ನೆನಪಿರುವುದಿಲ್ಲ. ಆ ಕ್ಷೌರಿಕನನ್ನು ಅವರು ದೂರುವುದಿಲ್ಲ. ತನ್ನನ್ನು ಮುಟ್ಟಿದ್ದರೆ ಅವನ ಗಿರಾಕಿಗಳು ತಪ್ಪಿಹೋಗುತ್ತಿದ್ದರು. ನಮ್ಮ ದೇಶದಲ್ಲಿ ನಾವು ನಮ್ಮ ಕ್ಷೌರಿಕರಿಗೆ ಅಸ್ಪೃಶ್ಯರೆನಿಸಿದವರ ಕ್ಷೌರ ಮಾಡಗೊಡುತ್ತೇವೆಯೇ ಎಂದು ತಮ್ಮವರನ್ನೇ ಕೇಳಿಕೊಳ್ಳುತ್ತಾರೆ.

ಏಪ್ರಿಲ್ ಕೊನೆಯ ಒಂದು ಸಂಜೆ ನನಗೆ ಈ ಮಾತು ನೆನಪಾಗಲು ಕಾರಣವಿತ್ತು. ಊರಿನ ಗಂಡಸರೆಲ್ಲ ಟೋಪಿ, ಟವಲುಗಳ ಕೆಳಗೆ ತಮ್ಮ ತಮ್ಮ ಅವಮಾನಗಳನ್ನು ಅಡಗಿಸಿಕೊಂಡಿದ್ದ ಆ ದಿನಗಳಲ್ಲಿ ಒಬ್ಬರ ತಲೆ ಮಾತ್ರ ಅಚ್ಚುಕಟ್ಟಾಗಿತ್ತು. ಅವರು ನಿವೃತ್ತ ಉಪಾಧ್ಯಾಯರು, ನನಗಿಂತ ಹದಿನೈದು ವರ್ಷ ಹಿರಿಯರು. ಕೆಲಸದ ನಿಮಿತ್ತ ಬೇರೆ ತಾಲ್ಲೂಕಿನಿಂದ ಬಂದು ಇಲ್ಲಿಯೇ ನೆಲೆನಿಂತವರು. ಯಾರ ಕೈ ಗುರುಗಳೆ ಎಂದು ಕೇಳಿದೆ. “ನಂದೇ ರೀ” ಎಂದರು. ಎರಡು ಕನ್ನಡಿ ಎದುರುಬದುರು ಇಟ್ಟುಕೊಂಡರೆ ಹಿಂದಲೆ ಕಾಣುತ್ತದೆ. ಕತ್ತರಿಯನ್ನು ತಲೆಕೆಳಗಾಗಿ ಹಿಡಿಯುವುದು ರೂಢಿಯಾಗಬೇಕು, ಅಷ್ಟೆ. ಎಲ್ಲಿ ಕಲಿತಿರಿ ಎಂದೆ. ಎಂಟು ವರ್ಷದವರಿದ್ದಾಗ ಅಪ್ಪ ಕಲಿಸಿದ್ದರಂತೆ. ಅವರು ಹುಟ್ಟಿದ ಹಳ್ಳಿಯಲ್ಲಿ ಕ್ಷೌರಿಕನಿದ್ದ, ಮರವಿತ್ತು, ನೆರಳೂ ಇತ್ತು. ಅವರ ಕೇರಿಯವರಿಗೆ ಇರಲಿಲ್ಲ. ಕೇರಿಯ ಗಂಡಸರೆಲ್ಲ ಒಬ್ಬರ ತಲೆಯನ್ನು ಒಬ್ಬರು ನೋಡಿಕೊಳ್ಳುತ್ತಿದ್ದರು. ಸೇವೆಯನ್ನು ಹೀಗೆ ನಿರಾಕರಿಸುವುದು ಅಪರಾಧವೆಂದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಆಗಲೇ ಹೇಳಿತ್ತು. ಆ ಕಾಯಿದೆಯನ್ನು ಅವರು ಓದಿದ್ದು ಬೀದರದಲ್ಲಿ ಶಿಕ್ಷಕರ ತರಬೇತಿಗೆ ಸೇರಿದ ಮೇಲೆ. ಪೇಟೆಯ ಅಂಗಡಿಯಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕುಳಿತದ್ದೂ ಅಲ್ಲಿಯೇ. ಅಲ್ಲಿ ಯಾರೂ ಯಾವ ಕೇರಿಯೆಂದು ಕೇಳಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬೀದರಕ್ಕೇ ಹೋಗುತ್ತಾರೆ. ಚಿಂತಾಕಿಯಲ್ಲಿ ಅವರನ್ನು ಬೇಡವೆಂದವರಿಲ್ಲ. ಅವರು ಕೇಳಿಯೂ ನೋಡಿಲ್ಲ.

ನಮ್ಮೆಲ್ಲರಿಗೆ ಐವತ್ತೈದು ದಿನದ ವಿನೋದವಾಗಿದ್ದುದು ಅವರಿಗೆ ಬಾಲ್ಯದ ವಿದ್ಯೆ. ಇದು ನಡೆದದ್ದು ಯಾವ ಜಿಲ್ಲೆಯಲ್ಲಿ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವಿದ್ದ ಜಿಲ್ಲೆಯಲ್ಲಿ. ಬಸವಣ್ಣನವರ ಆಪ್ತನಾಗಿ ಹಡಪ ಹಿಡಿದು ನಿಂತ ಅಪ್ಪಣ್ಣ ಅಲ್ಲಿ ವಚನಕಾರನಾದ. ಅವನ ಮಡದಿ ಲಿಂಗಮ್ಮನೂ ವಚನ ಬರೆದಳು. ಇಂದು ಈ ಭಾಗದ ಕ್ಷೌರಿಕ ಸಮಾಜ ಹಡಪದ ಎಂಬ ಹೆಸರನ್ನು ಹೊತ್ತು ಆ ಅಪ್ಪಣ್ಣನನ್ನು ಮೂಲಪುರುಷನೆಂದು ಪೂಜಿಸುತ್ತದೆ. ಆದರೂ ಬೆಳಗ್ಗೆ ಎದ್ದು ಕ್ಷೌರಿಕನ ಮುಖ ನೋಡಬಾರದೆನ್ನುವ, ಅವನ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಜನ ನಾವು. ಮೇಲಿನವರಿಂದ ಹೀಗೆನ್ನಿಸಿಕೊಂಡವನೇ ತನಗಿಂತ ಕೆಳಗೆ ಒಂದು ಕೇರಿಯನ್ನು ಇಟ್ಟುಕೊಳ್ಳಬೇಕಾಯಿತು. ಇಲ್ಲವಾದರೆ ಮೇಲಿನವರ ಜೋಳ ನಿಲ್ಲುತ್ತಿತ್ತು. ಪ್ರಿಟೋರಿಯಾದ ಲೆಕ್ಕವೂ ಇದೇ.

ಆ ವಸಂತದಲ್ಲಿ ಜೋಳವೂ ನಿಂತಿತು, ರೊಕ್ಕವೂ ನಿಂತಿತು. ಏಪ್ರಿಲ್ 26ರ ಬಸವ ಜಯಂತಿಗೆ ಮೆರವಣಿಗೆಯಿಲ್ಲ, ಅದರ ಹಿಂದಿನ ದಿನ ಮೊದಲಾದ ರಮಜಾನಿನ ಉಪವಾಸಕ್ಕೆ ಮಸೀದಿಯ ಸಾಲುಗಳಿಲ್ಲ, ಮದುವೆಗಳಿಲ್ಲ. ಕ್ಷೌರಿಕನ ವರ್ಷದ ದುಡಿಮೆಯೆಲ್ಲ ಈ ಎರಡು ತಿಂಗಳಲ್ಲಿತ್ತು. ಮೇ 6ರಂದು ರಾಜ್ಯ ಸರ್ಕಾರ 2,30,000 ಕ್ಷೌರಿಕರಿಗೂ 60,000 ಅಗಸರಿಗೂ ಒಮ್ಮೆಗೆ ತಲಾ 5,000 ರೂಪಾಯಿ ಸಾರಿತು. ಐವತ್ತೈದು ದಿನಕ್ಕೆ ಹಂಚಿದರೆ ದಿನಕ್ಕೆ ತೊಂಬತ್ತೊಂದು ರೂಪಾಯಿ ಬೀಳುತ್ತದೆ. 2021ರ ಎರಡನೆಯ ಮುಚ್ಚುಗಡೆಯಲ್ಲಿ ಸಾರಿದ್ದು 2,000. ಅಂಗಡಿಯ ಬಾಡಿಗೆಗೆ ಮಾತ್ರ ಮುಚ್ಚುಗಡೆಯಿರಲಿಲ್ಲ.

ಮೇ 19ರಂದು ಕ್ಷೌರದಂಗಡಿಗಳಿಗೆ ಅನುಮತಿ ಬಂತು. ಈದ್ ಹಬ್ಬಕ್ಕೆ ಇನ್ನು ಆರು ದಿನ. ನಾನು ಹೋಗುವಷ್ಟರಲ್ಲಿ ಹೊರಗೆ ಒಂದೂವರೆ ಗಜ ಬಿಟ್ಟು ಬಿಟ್ಟು ಜನ ನಿಂತಿದ್ದರು. ಸರದಿ ಬಂದಾಗ ಆತ ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ನನ್ನ ಹಿಂದಲೆಯ ಮೇಲೆ ಬೆರಳಾಡಿಸಿ, ನಗು ತಡೆದುಕೊಂಡು, “ಇದು ಯಾರ್ ಮಾಡ್ಯಾರ್ರೀ ಮಾಸ್ತರ?” ಎಂದ. ಮಗನೆಂದೆ. “ಕೈ ಚಲೋ ಅದರಿ. ಸುಳಿ ಎಲ್ಲಿ ಅದ ಅಂತ ನೋಡಿಲ್ಲ” ಎಂದು ಮಗನನ್ನು ಹತ್ತಿರ ಕರೆದು, ನೆತ್ತಿಯ ಸುಳಿ ಯಾವ ಕಡೆ ತಿರುಗಿದೆ, ಕೂದಲು ಯಾವ ಕಡೆ ಬೀಳುತ್ತದೆ ಎಂದು ತೋರಿಸಿದ. ಕೊಟ್ಟ ನೋಟಿಗೆ ಚಿಲ್ಲರೆ ಬೇಡವೆಂದೆ, ಹಿಂದಿರುಗಿಸಿಯೇ ಬಿಟ್ಟ. ಗಡಿಗೆಯನ್ನು ಅವ್ವ ತೊಳೆದಿಟ್ಟಿದ್ದಾಳೆ ಎಂದೆ. ಇರಲಿ, ಮುಂದಿನ ಯುಗಾದಿಗೆ ತಗೋತೀನಿ ಎಂದ.

ಹೊರಗೆ ಬಂದರೆ ಹಿರಿಯ ಉಪಾಧ್ಯಾಯರು ಕೊಡೆ ಹಿಡಿದು ನಿಂತಿದ್ದರು. ಒಳಗೆ ಬರ್ರಿ ಗುರುಗಳೆ, ನಿಮ್ಮ ಸರದಿ ಹಿಡಿಯುತ್ತೇನೆ ಎಂದೆ. ಅವರು ಅಂಗಡಿಯ ಕಡೆಗೊಮ್ಮೆ, ರಸ್ತೆಯ ಕಡೆಗೊಮ್ಮೆ ನೋಡಿದರು. ಸರ್ಕಾರಿ ಬಸ್ಸುಗಳೂ ಅಂದೇ ಬಿಟ್ಟಿದ್ದವು.

“ಬಸ್ಸು ಬರೋ ಹೊತ್ತಾಯ್ತು” ಎಂದರು.